ರೂಟರಿಗೆ ಮಾಡ್ಯೂಲ್ ಹೊಂದುತ್ತದೆಯೇ?

ರೂಟರಿನ ಮುಂಭಾಗದಲ್ಲಿ ಬೆರಳಗಲದ ಲೋಹದ ಗೂಡುಗಳಿರುತ್ತವೆ. ಅವುಗಳಲ್ಲಿ ಕೂರಿಸುವ ಬಿಡಿಭಾಗವೇ ಎಸ್‌ಎಫ್‌ಪಿ ಮಾಡ್ಯೂಲ್. ರೂಟರಿನ ವಿದ್ಯುತ್ ಸಂಕೇತವನ್ನು ಬೆಳಕಾಗಿಸಿ ಫೈಬರಿಗೆ ಬಿಡುವುದು, ಅತ್ತಲಿಂದ ಬಂದ ಬೆಳಕನ್ನು ಮತ್ತೆ ವಿದ್ಯುತ್ ಸಂಕೇತವಾಗಿಸುವುದು ಇದರ ಕೆಲಸ. ಇದರ ಅಳತೆಯನ್ನು ಹಲವು ತಯಾರಕರು 2000ದ ಸುಮಾರಿಗೆ ಒಪ್ಪಂದ ಮಾಡಿಕೊಂಡು ಗೊತ್ತುಪಡಿಸಿದರು. ಹಾಗಾಗಿ ಒಂದು ಕಂಪನಿಯ ಮಾಡ್ಯೂಲ್ ಇನ್ನೊಂದು ಕಂಪನಿಯ ಗೂಡಿನಲ್ಲೂ ಟಕ್ಕೆಂದು ಕೂರುತ್ತದೆ. ಕೂತದ್ದೆಲ್ಲ ಕೆಲಸ ಮಾಡುತ್ತದೆ ಎಂಬ ತಪ್ಪು ನಂಬಿಕೆ ಹುಟ್ಟುವುದೂ ಇದರಿಂದಲೇ.

ಮೊದಲು ನೋಡಬೇಕಾದದ್ದು ದೂರ. 1310 ನ್ಯಾನೊಮೀಟರ್ ಅಲೆಯುದ್ದದ ಸಾಮಾನ್ಯ ಮಾಡ್ಯೂಲ್ 10 ಕಿ.ಮೀ.ವರೆಗೆ ಸಾಗುತ್ತದೆ. ರಾಯದುರ್ಗದ ಊರೊಳಗೆ ಇದು ಧಾರಾಳವಾಯಿತು. ಮಡಕಶಿರಾದಿಂದ ಹಿಂದೂಪುರಕ್ಕೆ 30 ಕಿ.ಮೀ.ಗೂ ಹೆಚ್ಚು, ಅಲ್ಲಿಗೆ 1550 ನ್ಯಾನೊಮೀಟರಿನ 40 ಕಿ.ಮೀ. ಬಗೆಯದು ಬೇಕು. ರಾಯದುರ್ಗದಿಂದ ಬಳ್ಳಾರಿಗೆ ಸುಮಾರು 50 ಕಿ.ಮೀ., ಅಂದರೆ 80ರದ್ದೇ ಆಗಬೇಕು. 1310ರ ಬೆಳಕು ಕಿ.ಮೀ.ಗೆ ಸುಮಾರು 0.35 ಡೆಸಿಬೆಲ್ ಸೋರಿದರೆ 1550ರದ್ದು ಸೋರುವುದು 0.2ರಷ್ಟು. ಹಾಗೆಂದು ಎಲ್ಲ ಕಡೆಗೂ 80ರದ್ದನ್ನೇ ಹಾಕುವುದು ಜಾಣತನವಲ್ಲ. ಪಕ್ಕದ ಬೀದಿಯಲ್ಲಿರುವ ರೂಟರಿಗೆ ಅಂಥದ್ದನ್ನು ಜೋಡಿಸಿದರೆ ಆ ತುದಿಯಲ್ಲಿ ಬೆಳಕನ್ನು ಪಡೆಯುವ ಭಾಗದ ಕಣ್ಣು ಕುಕ್ಕುತ್ತದೆ, ಕೆಲವೊಮ್ಮೆ ಸುಟ್ಟೇ ಹೋಗುತ್ತದೆ. ನಡುವೆ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಇರಲೇಬೇಕು.

ಒಂದೇ ಎಳೆಯಲ್ಲಿ ಹೋಗಿಬರುವ ಮಾಡ್ಯೂಲುಗಳು ಜೋಡಿಯಾಗಿಯೇ ಬರುತ್ತವೆ. ಒಂದು 1310ರಲ್ಲಿ ಕಳಿಸಿ 1490ರಲ್ಲಿ ಪಡೆದರೆ ಇನ್ನೊಂದು ಅದರ ತಿರುಗುಮುರುಗು. ಎರಡೂ ತುದಿಗೆ ಒಂದೇ ಬಗೆಯದನ್ನು ಹಾಕಿದರೆ ಇಬ್ಬರೂ ಮಾತಾಡುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ.

ವೇಗದ ವಿಷಯದಲ್ಲಿ ಗೂಡಿನ ಆಕಾರವೇ ಮೋಸ ಮಾಡುತ್ತದೆ. 1 ಗಿಗಾಬಿಟ್ ಗೂಡೂ 10 ಗಿಗಾಬಿಟ್ ಗೂಡೂ ನೋಡಲು ಒಂದೇ. 10ರ ಮಾಡ್ಯೂಲ್ 1ರ ಗೂಡಿನಲ್ಲಿ ನಡೆಯದು. 1ರದ್ದು 10ರ ಗೂಡಿನಲ್ಲಿ ಅನೇಕ ರೂಟರುಗಳಲ್ಲಿ ನಡೆಯುತ್ತದೆ, ಆದರೆ ವೇಗವನ್ನು ಕೈಯಾರೆ ನಿಗದಿ ಮಾಡಬೇಕಾಗಬಹುದು. ರೂಟರಿಗೆ ಕೂರಿಸುವ ದೊಡ್ಡ ಕಾರ್ಡುಗಳಲ್ಲಿ ಈ ಗೊಂದಲವಿಲ್ಲ: ಸಿಸ್ಕೊ 2900 ಸಾಲಿನ ಇಎಚ್‌ವಿಕ್ ಕಾರ್ಡು 4000 ಸಾಲಿನ ನಿಮ್ ಗೂಡಿಗೆ ಹೋಗುವುದೇ ಇಲ್ಲ.

ಇಷ್ಟೆಲ್ಲ ಸರಿಯಿದ್ದೂ ರೂಟರು ಮಾಡ್ಯೂಲನ್ನು ತಿರಸ್ಕರಿಸಬಹುದು. ಪ್ರತಿ ಮಾಡ್ಯೂಲಿನೊಳಗೆ 256 ಬೈಟಿನ ಪುಟ್ಟ ನೆನಪಿನ ಚಿಪ್ ಇದೆ. ಅದರಲ್ಲಿ 16 ಅಕ್ಷರಗಳಷ್ಟು ಜಾಗ ತಯಾರಕರ ಹೆಸರಿಗೆ ಮೀಸಲು. ಕೆಲವು ರೂಟರುಗಳು ಆ ಹೆಸರನ್ನು ಓದಿ, ತಮ್ಮ ಕಂಪನಿಯದಲ್ಲದಿದ್ದರೆ ಗೂಡನ್ನೇ ಮುಚ್ಚಿಬಿಡುತ್ತವೆ. ಇದು ಬೆಳಕಿನ ಶಾಸ್ತ್ರವಲ್ಲ, ವ್ಯಾಪಾರದ ಶಾಸ್ತ್ರ. ಸಿಸ್ಕೊದ ಹಲವು ಯಂತ್ರಗಳಲ್ಲಿ ‘ಸರ್ವೀಸ್ ಅನ್‌ಸಪೋರ್ಟೆಡ್-ಟ್ರಾನ್ಸೀವರ್’ ಎಂಬ ಆಜ್ಞೆ ಕೊಟ್ಟು ಈ ಬೀಗ ತೆಗೆಯಬಹುದು.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ರಾಯದುರ್ಗ, ಮಡಕಶಿರಾ ಇರುವ ಅನಂತಪುರದ ಸೀಮೆಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಹೊರಗಿನ ಕಬ್ಬಿಣದ ಪೆಟ್ಟಿಗೆಯೊಳಗೆ ಇನ್ನೂ ಹೆಚ್ಚು. ಸಾಮಾನ್ಯ ಮಾಡ್ಯೂಲಿನ ಮಿತಿ 70 ಡಿಗ್ರಿ, ಕೈಗಾರಿಕಾ ದರ್ಜೆಯದರದ್ದು 85.

ಫೈಬರ್ ಸಂಪರ್ಕಕ್ಕೆಂದು ಮನೆಯಲ್ಲಿಡುವ ಪೆಟ್ಟಿಗೆಯದು ಬೇರೆಯೇ ಕಥೆ. ಆಂಧ್ರದ ಫೈಬರ್ ಗ್ರಿಡ್ 2017ರ ಡಿಸೆಂಬರ್ 27ರಂದು ಉದ್ಘಾಟನೆಯಾಯಿತು. ಕರೆಂಟ್ ಕಂಬಗಳ ಮೇಲೆ ಹಾದುಬಂದ ಅದರ ತಂತಿಯನ್ನು ಮನೆಗೆ ಮುಟ್ಟಿಸಿದವರು ಊರಿನ ಕೇಬಲ್ ಆಪರೇಟರುಗಳು. ಇಂಥ ಜಾಲಗಳಲ್ಲಿ ಜಿಪಾನ್, ಇಪಾನ್ ಎಂಬ ಎರಡು ಪದ್ಧತಿಗಳಿವೆ. ಎರಡರಲ್ಲೂ ಮನೆಗೆ ಬರುವ ಬೆಳಕು 1490, ಹೋಗುವುದು 1310. ಅಲೆಯುದ್ದ ಒಂದೇ, ಭಾಷೆ ಬೇರೆ. ಹಾಗಾಗಿ ಇಪಾನ್ ಮಾತ್ರ ಬಲ್ಲ ಪೆಟ್ಟಿಗೆ ಜಿಪಾನ್ ಜಾಲದಲ್ಲಿ ಎಚ್ಚರಗೊಳ್ಳದು. ಕನೆಕ್ಟರಿನ ಬಣ್ಣವನ್ನೂ ನೋಡಬೇಕು. ಹಸಿರಿನದರ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದರದ್ದು ನೇರ. ಒಂದಕ್ಕೊಂದು ಸಿಕ್ಕಿಸಿದರೆ ನಡುವೆ ಸಂದು ಉಳಿದು ಬೆಳಕು ಪೋಲಾಗುತ್ತದೆ.

ರಾಯದುರ್ಗದಿಂದ ಬಳ್ಳಾರಿಗೋ ಮಡಕಶಿರಾದಿಂದ ಹಿಂದೂಪುರಕ್ಕೋ ಮಾಡ್ಯೂಲ್ ಕೊಳ್ಳಲು ಹೊರಡುವವರು ರೂಟರಿನ ಪೂರ್ತಿ ಮಾದರಿ ಸಂಖ್ಯೆ, ಅದರ ಸಾಫ್ಟ್‌ವೇರ್ ಆವೃತ್ತಿ, ಫೈಬರಿನ ಉದ್ದ ಇವನ್ನು ಬರೆದುಕೊಂಡು, ಎದುರು ತುದಿಯ ಮಾಡ್ಯೂಲಿನ ಮೇಲಿರುವ ಚೀಟಿಯ ಫೋಟೊ ತೆಗೆದುಕೊಂಡು ಹೋದರೆ ಎರಡನೆಯ ಸಲದ ಬಸ್ ಚಾರ್ಜು ಉಳಿಯುತ್ತದೆ.