ಬುದ್ಧಿ ಹೇಳದ ದನಿ

ಸಹಾಯವಾಣಿಗೆ ಬರುವ ಕರೆಗಳೆಲ್ಲ ‘ನನಗೆ ಸಾಯಬೇಕು ಅನ್ನಿಸ್ತಿದೆ’ ಎಂದೇ ಶುರುವಾಗುವುದಿಲ್ಲ. ‘ಮೇಡಂ, ಈ ನಂಬರ್ ಕೆಲಸ ಮಾಡುತ್ತೋ ಇಲ್ವೋ ನೋಡೋಣ ಅಂತ ಮಾಡ್ದೆ’ ಎನ್ನುವವರುಂಟು. ‘ನನ್ನ ಫ್ರೆಂಡ್ ಒಬ್ಬನಿಗೆ ತುಂಬ ಬೇಜಾರಂತೆ’ ಎಂದು ಇಲ್ಲದ ಗೆಳೆಯನನ್ನು ಮುಂದೆ ಮಾಡಿ ತಮ್ಮದೇ ಕತೆ ಹೇಳುವವರುಂಟು. ಕೆಲವರು ಏನೂ ಹೇಳುವುದಿಲ್ಲ. ಉಸಿರಾಟದ ಸದ್ದು, ಹಿಂದೆಲ್ಲೋ ಬಸ್ಸಿನ ಹಾರ್ನ್, ಅಷ್ಟೆ. ಈ ಕಡೆ ಕೂತ ಆಪ್ತಸಮಾಲೋಚಕರು ಆಗ ಫೋನ್ ಇಡುವಂತಿಲ್ಲ. ‘ಇದ್ದೀನಿ, ನಿಧಾನಕ್ಕೆ ಹೇಳಿ’ ಎಂದು ಕಾಯುತ್ತಾರೆ.

ಈ ಕಾಯುವಿಕೆ ನಮಗೆ ಒಗ್ಗುವಂಥದ್ದಲ್ಲ. ನಮ್ಮೆದುರು ಯಾರಾದರೂ ಕಣ್ಣೀರು ಹಾಕಿದರೆ ತಕ್ಷಣ ಬುದ್ಧಿ ಹೇಳಲು ತೊಡಗುತ್ತೇವೆ. ‘ನಿನಗಿಂತ ಕಷ್ಟದಲ್ಲಿರೋರು ಇಲ್ವಾ?’, ‘ಅಪ್ಪ ಅಮ್ಮನ ಮುಖ ನೋಡಾದ್ರೂ ಸುಧಾರಿಸ್ಕೋ’, ‘ಇಷ್ಟಕ್ಕೆಲ್ಲ ಯಾರಾದ್ರೂ ಅಳ್ತಾರಾ?’ ಒಳ್ಳೆಯ ಮನಸ್ಸಿನಿಂದಲೇ ಬರುವ ಮಾತುಗಳು. ಆದರೆ ಆತ್ಮಹತ್ಯೆ ತಡೆಯುವ ಸಹಾಯವಾಣಿಗಳ ತರಬೇತಿಯಲ್ಲಿ ಮೊದಲು ಬಿಡಿಸುವುದು ಇವನ್ನೇ. ತನ್ನ ನೋವು ಯಾರಿಗೂ ಅರ್ಥವಾಗದು ಎಂದು ಆಗಲೇ ನಂಬಿಬಿಟ್ಟಿರುವವರಿಗೆ ಈ ಮಾತುಗಳು ಅದನ್ನೇ ಖಾತ್ರಿ ಮಾಡಿಕೊಡುತ್ತವೆ.

ಬುದ್ಧಿ ಹೇಳದೆ ಕೇಳಿಸಿಕೊಳ್ಳುವ ಈ ಕಸುಬು ಸಂಸ್ಥೆಯ ರೂಪ ಪಡೆದದ್ದು ಲಂಡನ್ನಿನಲ್ಲಿ, ಅದೂ ಅರ್ಧ ಆಕಸ್ಮಿಕವಾಗಿ. ಚಾಡ್ ವಾರಾ ಎಂಬ ಆಂಗ್ಲಿಕನ್ ಪಾದ್ರಿ 1935ರಲ್ಲಿ ನಡೆಸಿಕೊಟ್ಟ ಮೊದಲ ಶವಸಂಸ್ಕಾರವೇ ಆತ್ಮಹತ್ಯೆ ಮಾಡಿಕೊಂಡ ಹುಡುಗಿಯೊಬ್ಬಳದು. ಋತುಸ್ರಾವ ಶುರುವಾದಾಗ ಅದನ್ನು ಕೆಟ್ಟ ರೋಗವೆಂದು ತಿಳಿದಿದ್ದಳಂತೆ ಆಕೆ. ಕೇಳಲು ಯಾರೂ ಇರಲಿಲ್ಲ. ಆ ಸಾವು ಪಾದ್ರಿಯ ಮನಸ್ಸಿನಲ್ಲಿ ಹದಿನೆಂಟು ವರ್ಷ ಉಳಿಯಿತು. ಮಕ್ಕಳ ಚಿತ್ರಕಥಾ ಪತ್ರಿಕೆಗಳಿಗೆ ಬರೆದು ಹೆಚ್ಚುವರಿ ಸಂಪಾದನೆ ಮಾಡುತ್ತಿದ್ದ ಈ ಮನುಷ್ಯ 1953ರ ನವೆಂಬರ್ 2ರಂದು ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನಲ್ಲಿ ಫೋನಿನ ಮುಂದೆ ಕೂತರು. ನೆನಪಿನಲ್ಲಿ ಉಳಿಯುವಂಥ ಸಂಖ್ಯೆ ಬೇಕೆಂದು, ‘ಮ್ಯಾನ್ 9000’ ಸಿಕ್ಕರೆ ಚೆನ್ನ ಎಂದು ಯೋಚಿಸಿದ್ದರಂತೆ. ಚರ್ಚಿನ ಹಳೆ ಫೋನಿನ ದೂಳು ಒರೆಸಿ ನೋಡಿದರೆ ಅದರ ಸಂಖ್ಯೆಯೇ ಅದಾಗಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ.

ನನಗೆ ಇನ್ನೂ ಕುತೂಹಲಕರ ಅನ್ನಿಸುವುದು ಮುಂದಿನ ಸಂಗತಿ. ಪಾದ್ರಿಯನ್ನು ಕಾಣಲು ಬಂದವರು ಹೊರಗೆ ಕಾಯಬೇಕಾಗುತ್ತಿತ್ತು. ಅವರಿಗೆ ಟೀ ಕೊಟ್ಟು ಜೊತೆಗೆ ಕೂರಲು ಕೆಲವರು ಸ್ವಯಂಸೇವಕರಿದ್ದರು. ಬಂದವರಲ್ಲಿ ಅನೇಕರು ಆ ಸ್ವಯಂಸೇವಕರೊಡನೆ ಮಾತಾಡಿ ಹಗುರಾಗಿ, ಪಾದ್ರಿಯನ್ನು ಕಾಣದೆಯೇ ಮನೆಗೆ ಹೋಗತೊಡಗಿದರು. ಬೇರೆ ಯಾರಾದರೂ ಆಗಿದ್ದರೆ ಬೇಸರ ಮಾಡಿಕೊಳ್ಳುತ್ತಿದ್ದರೇನೋ. ವಾರಾ 1954ರ ಫೆಬ್ರುವರಿಯಲ್ಲಿ ಕರೆ ಸ್ವೀಕರಿಸುವ ಕೆಲಸವನ್ನೇ ಆ ಸ್ವಯಂಸೇವಕರಿಗೆ ಬಿಟ್ಟುಕೊಟ್ಟರು. ‘ಸಮಾರಿಟನ್ಸ್’ ಬೆಳೆದದ್ದು ಹಾಗೆ. ಅದೇ ಪರಂಪರೆಯಲ್ಲಿ 1986ರಲ್ಲಿ ಚೆನ್ನೈಯಲ್ಲಿ ಮನೋವೈದ್ಯೆ ಲಕ್ಷ್ಮಿ ವಿಜಯಕುಮಾರ್ ‘ಸ್ನೇಹ’ ಕಟ್ಟಿದರು.

ಬರೀ ಮಾತಿನಿಂದ ಸಾವು ತಪ್ಪುತ್ತದೆಯೇ? ಸಾಲ, ಮುರಿದ ಸಂಬಂಧ, ಕಾಯಿಲೆ ಎಲ್ಲ ಫೋನ್ ಇಟ್ಟ ಮೇಲೂ ಅಲ್ಲೇ ಇರುತ್ತವೆ, ನಿಜ. ಆದರೆ ಸಾಯಬೇಕೆನ್ನುವ ಒತ್ತಡ ಸದಾ ಒಂದೇ ಮಟ್ಟದಲ್ಲಿರುವುದಿಲ್ಲ. ಅದು ಏರುತ್ತದೆ, ಇಳಿಯುತ್ತದೆ. ಬದುಕಬೇಕೆನ್ನುವ ಆಸೆಯೂ ಅದರ ಪಕ್ಕದಲ್ಲೇ ಇರುತ್ತದೆ, ಇಲ್ಲದಿದ್ದರೆ ಆ ವ್ಯಕ್ತಿ ನಂಬರ್ ಒತ್ತುತ್ತಲೇ ಇರಲಿಲ್ಲ. ಅಮೆರಿಕದ ಒಂದು ತಾಣದಲ್ಲಿ ಕೊನೆ ಕ್ಷಣದಲ್ಲಿ ತಡೆಯಲಾದ 515 ಜನರ ಮುಂದಿನ ಬದುಕನ್ನು ರಿಚರ್ಡ್ ಸೈಡನ್ ಎಂಬ ಸಂಶೋಧಕ ಹುಡುಕಿ ನೋಡಿ 1978ರಲ್ಲಿ ಪ್ರಕಟಿಸಿದರು. ಅವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಬದುಕಿದ್ದರು, ಇಲ್ಲವೇ ಸಹಜವಾಗಿ ತೀರಿಕೊಂಡಿದ್ದರು. ಏರಿದ ಒತ್ತಡ ಇಳಿಯುವ ತನಕ ಜೊತೆಗಿರುವುದೇ ಸಹಾಯವಾಣಿಯ ಮೊದಲ ಕೆಲಸ.

ಅದಕ್ಕೆ ಕೆಲವು ಗಟ್ಟಿ ಪ್ರಶ್ನೆಗಳನ್ನೂ ಕೇಳಬೇಕು. ‘ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಎಂದು ನೇರವಾಗಿ. ಹಾಗೆ ಕೇಳಿದರೆ ಇಲ್ಲದ ಹುಳವನ್ನು ತಲೆಗೆ ಬಿಟ್ಟಂತಾಗುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಬಲವಾಗಿದೆ. ಮೆಡಲಿನ್ ಗೌಲ್ಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನ್ಯೂಯಾರ್ಕ್ ರಾಜ್ಯದ ಎರಡು ಸಾವಿರಕ್ಕೂ ಹೆಚ್ಚು ಹೈಸ್ಕೂಲು ವಿದ್ಯಾರ್ಥಿಗಳಲ್ಲಿ ಇದನ್ನು ಪರೀಕ್ಷಿಸಿ, ಕೇಳಿದ್ದರಿಂದ ಅಂಥ ಯೋಚನೆ ಹೆಚ್ಚಲಿಲ್ಲವೆಂದು ಕಂಡರು. ಉತ್ತರ ‘ಹೌದು’ ಎಂದಾದರೆ ಅಪಾಯದ ವಸ್ತು ಹತ್ತಿರವಿದೆಯೇ, ಅದನ್ನು ದೂರ ಇಡಬಹುದೇ, ಮನೆಯಲ್ಲಿ ಈಗ ಯಾರಿದ್ದಾರೆ, ನಾಳೆ ಬೆಳಿಗ್ಗೆ ನಾವೇ ಫೋನ್ ಮಾಡೋಣವೇ ಎಂದು ಮಾತು ಮುಂದುವರಿಯುತ್ತದೆ.

ಎಲ್ಲ ಸಹಾಯವಾಣಿಯೂ ಇದನ್ನು ಸರಿಯಾಗಿ ಮಾಡುತ್ತದೆ ಎಂದಲ್ಲ. ಬ್ರಯಾನ್ ಮಿಶಾರಾ ತಂಡ ಅಮೆರಿಕದ 14 ಕೇಂದ್ರಗಳ 1,431 ಕರೆಗಳನ್ನು ಕೇಳಿಸಿಕೊಂಡು 2007ರಲ್ಲಿ ವರದಿ ಮಾಡಿತು. ಸುಮಾರು ಅರ್ಧದಷ್ಟು ಕರೆಗಳಲ್ಲಿ ಆ ಮುಖ್ಯ ಪ್ರಶ್ನೆಯನ್ನೇ ಕೇಳಿರಲಿಲ್ಲ. ಹ್ಞೂಂಗುಟ್ಟುತ್ತಾ ಕೂರುವುದಷ್ಟೇ ಸಾಲದು, ಕರುಣೆ ಗೌರವಗಳೊಂದಿಗೆ ‘ಮುಂದೇನು’ ಎಂದು ಜೊತೆಯಲ್ಲಿ ಯೋಚಿಸಿದಾಗ ಫಲ ಹೆಚ್ಚು ಎಂಬುದೂ ಆಗ ಕಂಡಿತು. ಬುದ್ಧಿ ಹೇಳಬಾರದು, ಆದರೆ ಕೈಚೆಲ್ಲಲೂಬಾರದು. ಈ ಎರಡರ ನಡುವಿನ ದಾರಿ ಬಹಳ ಕಿರಿದು.

ಈ ವಿಷಯದಲ್ಲಿ ಬೆಂಗಳೂರಿಗೆ ಸ್ವಂತದ್ದೊಂದು ಚರಿತ್ರೆಯಿದೆ. 1964ರಲ್ಲಿ ಹುಟ್ಟಿದ ಮೆಡಿಕೋ ಪ್ಯಾಸ್ಟೊರಲ್ ಅಸೋಸಿಯೇಷನ್, ನಿಮ್ಹಾನ್ಸ್ ಮತ್ತು ರೋಟರಿಯ ಜೊತೆ ಸೇರಿ 2002ರಲ್ಲಿ ‘ಸಹಾಯ್’ ಸಹಾಯವಾಣಿ ಆರಂಭಿಸಿತು. ಈಗಿನ ದೊಡ್ಡ ವ್ಯವಸ್ಥೆ ‘ಟೆಲಿ ಮಾನಸ್’. 2022ರ ಅಕ್ಟೋಬರ್ 10ರಂದು ನಿಮ್ಹಾನ್ಸ್‌ನಲ್ಲಿ ಇದರ ಉದ್ಘಾಟನೆಯಾಯಿತು. ದೇಶದ ಎಲ್ಲ ಕೇಂದ್ರಗಳಿಗೂ ನಿಮ್ಹಾನ್ಸ್ ಕೇಂದ್ರಸ್ಥಾನ; ತಂತ್ರಜ್ಞಾನದ ನೆರವು ಬೆಂಗಳೂರಿನದೇ ಐಐಐಟಿಯದು. ಮೊದಲ ಮೂರು ವರ್ಷದೊಳಗೆ 20 ಲಕ್ಷಕ್ಕೂ ಹೆಚ್ಚು ಕರೆಗಳು ಬಂದವು. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತಾಡಬಹುದು. ಅಗತ್ಯವಿದ್ದರೆ ಆಪ್ತಸಮಾಲೋಚಕರು ಕರೆಯನ್ನು ಮನೋವೈದ್ಯರಿಗೆ ದಾಟಿಸುತ್ತಾರೆ, ಹತ್ತಿರದ ಸರ್ಕಾರಿ ಆಸ್ಪತ್ರೆಯ ದಾರಿಯನ್ನೂ ತೋರಿಸುತ್ತಾರೆ. ಆ ಆಸ್ಪತ್ರೆಯಲ್ಲಿ ಸೇವೆ ನಿಜಕ್ಕೂ ಸಿಗುವಂತಿರಬೇಕು. ಅಂಥ ಸೇವೆಯನ್ನು ಊರುಗಳಿಗೆ ಒಯ್ಯಲು ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಫೋನಿನ ಹಿಂದೆ ಈ ಬೆನ್ನೆಲುಬು ಇಲ್ಲದಿದ್ದರೆ ಸಹಾಯವಾಣಿ ಸಮಾಧಾನ ಹೇಳುವ ಯಂತ್ರವಾಗಿಬಿಡುತ್ತದೆ.

ಸರ್ಕಾರಿ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಇಷ್ಟು ದೊಡ್ಡ ದುಃಖಕ್ಕೆ ಫೋನ್ ಒಂದೇ ಮದ್ದಲ್ಲವೆಂದು ‘ಸ್ನೇಹ’ದ ಸ್ಥಾಪಕಿಗೂ ಗೊತ್ತಿತ್ತು. ಫಲಿತಾಂಶದ ಹೊತ್ತಿನ ಸಾವುಗಳನ್ನು ಕಂಡ ಅವರು, ಫೇಲಾದ ಮಕ್ಕಳಿಗೆ ವರ್ಷ ಕಾಯಿಸದೆ ಬೇಗ ಮರುಪರೀಕ್ಷೆ ನಡೆಸಿ ಎಂದು ತಮಿಳುನಾಡು ಸರ್ಕಾರದ ಬೆನ್ನುಹತ್ತಿದರು. ಅದು ಜಾರಿಯೂ ಆಯಿತು. ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೂ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿದೆ. ದುಃಖ ಕೇಳಿಸಿಕೊಳ್ಳುವವರಿಗೆ ಅದು ಎಲ್ಲಿಂದ ಬರುತ್ತಿದೆ ಎಂಬುದೂ ಮೊದಲೇ ತಿಳಿಯುತ್ತದೆ. ಆ ತಿಳಿವಳಿಕೆಯನ್ನು ಸರ್ಕಾರಗಳು ಇನ್ನೂ ಸಾಕಷ್ಟು ಬಳಸಿಕೊಂಡಿಲ್ಲ ಎಂದೇ ನನ್ನ ಅನಿಸಿಕೆ.

‘ಫೋನ್ ಮಾಡಿದರೆ ಪೊಲೀಸ್ ಕೇಸ್ ಆಗುತ್ತಾ?’ ಎಂಬುದು ಹಳ್ಳಿಗಳಲ್ಲೂ ಪೇಟೆಗಳಲ್ಲೂ ಇರುವ ಭಯ. ಮನಸ್ಸಿನ ಸಂಕಟ ಹೇಳಿಕೊಳ್ಳುವುದು ಅಪರಾಧವಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದವರು, ಅವರಿಗೆ ಬೇಕಿರುವುದು ಆರೈಕೆ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಭಾವಿಸುತ್ತದೆ. ಯತ್ನಿಸಿದವರನ್ನು ಶಿಕ್ಷಿಸುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ರೂಪದಲ್ಲಿ ಇಲ್ಲ.

ಟೆಲಿ ಮಾನಸ್‌ನ ಸಂಖ್ಯೆ 14416. ಹಣ ಕಡಿತವಾಗುವುದಿಲ್ಲ, ಹಗಲು ರಾತ್ರಿ ತೆರೆದಿರುತ್ತದೆ. ಮೊದಲು ಧ್ವನಿಮುದ್ರಿತ ಸೂಚನೆ ಬರುತ್ತದೆ. ಭಾಷೆ ಆರಿಸಿಕೊಂಡು ಸ್ವಲ್ಪ ತಾಳ್ಮೆಯಿಂದ ಕಾಯಿರಿ, ಆಮೇಲೆ ಮನುಷ್ಯರೇ ಮಾತಾಡುತ್ತಾರೆ. ಮನೆಯಲ್ಲಿ ಎಲ್ಲರೆದುರು ಮಾತಾಡಲಾಗದಿದ್ದರೆ ತಾರಸಿಗೋ ಹಿತ್ತಲಿಗೋ ಹೋಗಿ ಕರೆ ಮಾಡಬಹುದು. ತಮ್ಮ, ಸೊಸೆ, ಪಕ್ಕದ ಮನೆಯ ಹುಡುಗ ಹೀಗೆ ಬೇರೊಬ್ಬರ ಬಗ್ಗೆ ಆತಂಕವಿದ್ದರೂ ನೀವೇ ಕರೆ ಮಾಡಿ ಏನು ಮಾಡಬೇಕೆಂದು ಕೇಳಬಹುದು. ಅಪಾಯ ಈಗಲೇ ಎದುರಿಗಿದ್ದರೆ 112ಕ್ಕೆ ಕರೆ ಮಾಡಿ, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ.