ಪ್ಯಾಪ್ ರಿಪೋರ್ಟ್‌ನಲ್ಲಿ ‘ಹೈ ಗ್ರೇಡ್’ ಅಂತ ಬಂದ್ರೆ ಕ್ಯಾನ್ಸರಾ? ಮೈಕ್ರೋಸ್ಕೋಪ್‌ನಲ್ಲಿ ಕಾಣೋದೇನು?

ಕಾರವಾರ/ಅಂಕೋಲಾ: ಪ್ಯಾಪ್ ಸ್ಮಿಯರ್ ರಿಪೋರ್ಟ್‌ನಲ್ಲಿ ಎಲ್‌ಎಸ್‌ಐಎಲ್ ಅಥವಾ ಎಚ್‌ಎಸ್‌ಐಎಲ್ ಅಂತ ಕಂಡರೆ ಮನೆಯವರ ಕೈಕಾಲು ತಣ್ಣಗಾಗುತ್ತದೆ. ಕೆಲವರು ಮಣಿಪಾಲಕ್ಕೋ ಗೋವಾಕ್ಕೋ ಓಡುತ್ತಾರೆ. ಕೆಲವರು ಕಾಗದ ಮಡಚಿ ಕಪಾಟಿನಲ್ಲಿಟ್ಟು ಸುಮ್ಮನಾಗುತ್ತಾರೆ, ಇದು ಹೆಚ್ಚು ಅಪಾಯ. ಎರಡೂ ಪದಕ್ಕೆ ಕ್ಯಾನ್ಸರ್ ಅಂತ ಅರ್ಥವಲ್ಲ. ಹಾಗಂತ ಎರಡೂ ಒಂದೇ ಅಲ್ಲ.

ಗರ್ಭಚೀಲದ ಬಾಯಿಯಿಂದ ಕೆರೆದು ತೆಗೆದ ಕೋಶಗಳನ್ನು ಗಾಜಿನ ಸ್ಲೈಡ್ ಮೇಲೆ ಸವರಿ, ಬಣ್ಣ ಹಾಕಿ ನೋಡುವುದೇ ಈ ಪರೀಕ್ಷೆ. ಗ್ರೀಸ್ ಮೂಲದ ಡಾಕ್ಟರ್ ಪಾಪನಿಕೊಲಾವ್ 1943ರಲ್ಲಿ ಇದರ ಪುಸ್ತಕ ತಂದರು, ‘ಪ್ಯಾಪ್’ ಅವರದೇ ಹೆಸರಿನ ತುಂಡು.

ಪೆಥಾಲಜಿಸ್ಟ್ ಮುಖ್ಯವಾಗಿ ನೋಡುವುದು ಕೋಶದ ನಡುವಿನ ನ್ಯೂಕ್ಲಿಯಸ್. ಅಂಕೋಲೆಯವರಿಗೆ ಮಾವಿನಹಣ್ಣಿನ ಲೆಕ್ಕದಲ್ಲಿ ಹೇಳಬಹುದು. ಸರಿಯಾದ ಕೋಶ ಕರಿ ಇಷಾಡಿನ ಹಾಗೆ: ತಿರುಳು ಭರ್ತಿ, ಗೊರಟೆ ಸಣ್ಣದು. ಎಲ್‌ಎಸ್‌ಐಎಲ್‌ನಲ್ಲಿ ಆ ಗೊರಟೆ ಮಾಮೂಲಿಗಿಂತ 3 ಪಟ್ಟಿಗೂ ಹೆಚ್ಚು ಹಿಗ್ಗಿರುತ್ತದೆ, ಎಷ್ಟೋ ಸಲ ಸುತ್ತ ಬಿಳಿ ಬಳೆಯಂಥ ಖಾಲಿ ಜಾಗ ಕಾಣುತ್ತದೆ. ಅದು ಎಚ್‌ಪಿವಿ ವೈರಸ್ಸಿನ ಗುರುತು. ಹೆಚ್ಚಿನವರಲ್ಲಿ ಇದು ತಾನಾಗಿಯೇ ವಾಸಿಯಾಗುತ್ತದೆ, ಡಾಕ್ಟರ್ ಹೇಳಿದಾಗ ಮತ್ತೆ ತೋರಿಸಿದರಾಯ್ತು.

ಎಚ್‌ಎಸ್‌ಐಎಲ್ ಅಂದರೆ ಕಾಡುಮಾವು. ಕೋಶವೇ ಸಣ್ಣದು, ಒಳಗೆಲ್ಲ ಗೊರಟೆಯೇ. ಬಣ್ಣ ಕಡು, ಅಂಚು ಸುಕ್ಕು. ಇದನ್ನು ಬಿಟ್ಟರೆ ಕೆಲವರಲ್ಲಿ ವರ್ಷಗಳ ಮೇಲೆ ಕ್ಯಾನ್ಸರ್ ಆಗುತ್ತದೆ. ಕಾಲ್ಪೋಸ್ಕೋಪಿ ಮಾಡಿ, ಚೂರು ತೆಗೆದು ಬಯಾಪ್ಸಿಯಲ್ಲಿ ಖಾತ್ರಿ ಮಾಡಿಕೊಳ್ಳುತ್ತಾರೆ. ಆ ಭಾಗವನ್ನಷ್ಟೇ ತೆಗೆದರೆ ಸಾಮಾನ್ಯವಾಗಿ ಸಾಕು, ಗರ್ಭಚೀಲ ತೆಗೆಸಬೇಕಾಗುವುದಿಲ್ಲ.

ಮೋಸ ಹೋಗುವ ಜಾಗವೂ ಇದೆ. ಸವರಿದ ಸ್ಲೈಡನ್ನು ತಕ್ಷಣ ಆಲ್ಕೋಹಾಲ್‌ನಲ್ಲಿ ಅದ್ದದೆ ಗಾಳಿಗೆ ಒಣಗಲು ಬಿಟ್ಟರೆ ನ್ಯೂಕ್ಲಿಯಸ್ ಉಬ್ಬಿದ ಹಾಗೆ ಕಾಣುತ್ತದೆ. ಮುಟ್ಟು ನಿಂತವರ ಕೋಶಗಳೂ ಒಮ್ಮೊಮ್ಮೆ ಎಚ್‌ಎಸ್‌ಐಎಲ್ ಥರವೇ ಕಾಣುತ್ತವೆ. ಸಾವಿರಾರು ಕೋಶಗಳ ನಡುವೆ ಕೆಟ್ಟದ್ದು ಬೆರಳೆಣಿಕೆಯಷ್ಟೇ ಇದ್ದರೆ ಕಣ್ತಪ್ಪಲೂಬಹುದು.

ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವಯಸ್ಸಿನವರಿಗೆ 5 ವರ್ಷಕ್ಕೊಮ್ಮೆ ಮಾಡಬೇಕಾದ ತಪಾಸಣೆ ಬೇರೆಯದು. ಅಸಿಟಿಕ್ ಆಮ್ಲ ಸವರಿ ಬಿಳಿ ಕಲೆ ಬರುತ್ತದಾ ಅಂತ ಕಣ್ಣಲ್ಲೇ ನೋಡುತ್ತಾರೆ, ಮೈಕ್ರೋಸ್ಕೋಪ್ ಇಲ್ಲ. ಅಲ್ಲಿ ‘ಪಾಸಿಟಿವ್’ ಅಂದರೂ ಕ್ಯಾನ್ಸರ್ ಅಂತಲ್ಲ, ಮುಂದಿನ ಪರೀಕ್ಷೆ ಬೇಕು ಅಂತ. ಸಂಬಂಧದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತ ಕಂಡವರು ಮಾತ್ರ ಕ್ಯಾಂಪ್ ಕಾಯದೆ ನೇರ ಸ್ತ್ರೀರೋಗ ತಜ್ಞರಲ್ಲಿಗೆ ಹೋಗಬೇಕು.

ಕಾರವಾರದ ಕ್ರಿಮ್ಸ್‌ನಲ್ಲಿ ಪೆಥಾಲಜಿ, ಸ್ತ್ರೀರೋಗ ಎರಡೂ ವಿಭಾಗಗಳಿವೆ. ಬೇರೆ ಊರಿಗೆ ಹೋಗುವುದಾದರೆ ರಿಪೋರ್ಟ್ ಒಂದನ್ನೇ ಒಯ್ಯಬೇಡಿ, ಲ್ಯಾಬ್‌ನಲ್ಲಿ ಕೇಳಿ ಸ್ಲೈಡನ್ನೂ ಒಯ್ಯಿರಿ. ಅಲ್ಲಿಯ ಪೆಥಾಲಜಿಸ್ಟ್ ಅದನ್ನೇ ಮತ್ತೊಮ್ಮೆ ನೋಡಬಹುದು.