ಚೆನ್ನೈನ ದೀಪಸ್ತಂಭಗಳು

ಚೆನ್ನೈನ ದೀಪಸ್ತಂಭಗಳು ಎಂದರೆ ಕೋರಮಂಡಲ ತೀರದ ಚೆನ್ನೈಗೆ (ಹಿಂದಿನ ಮದರಾಸು) ಬರುವ ಹಡಗುಗಳಿಗೆ ದಾರಿ ತೋರಲು 1796ರಿಂದ ಒಂದಾದ ಮೇಲೊಂದರಂತೆ ಬೆಳಗಿದ ನಾಲ್ಕು ಲೈಟ್‌ಹೌಸ್‌ಗಳು. ದೇವಾಲಯಗಳ ಮುಂದೆ ನಿಲ್ಲಿಸುವ ದೀಪಸ್ತಂಭಗಳಿಗೂ ಇವುಗಳಿಗೂ ಹೆಸರಿನಲ್ಲಿ ಮಾತ್ರ ಹೋಲಿಕೆಯಿದೆ. ನಾಲ್ಕರಲ್ಲಿ ಇಂದು ಬೆಳಗುತ್ತಿರುವುದು ಮರೀನಾ ಕಡಲತೀರದ ಸ್ತಂಭ ಮಾತ್ರ. ಉಳಿದ ಮೂರು ದೀಪಗಳು ಆರಿವೆ. ಆದರೆ ಅವುಗಳನ್ನು ಹೊತ್ತಿದ್ದ ಕಟ್ಟಡಗಳು ಉಳಿದಿವೆ. ಒಂದೇ ನಗರದಲ್ಲಿ ದೀಪವು ನಾಲ್ಕು ಕಡೆ ನೆಲೆ ಬದಲಿಸಿದ್ದರಿಂದ ಇವು ಆ ನಗರದ ಬೆಳವಣಿಗೆಯ ಗುರುತುಗಳೂ ಆಗಿವೆ.

ಹಿನ್ನೆಲೆ

1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಇಲ್ಲಿ ನೆಲೆಯೂರಿದಾಗ ಮದರಾಸಿಗೆ ನೈಸರ್ಗಿಕ ಬಂದರು ಇರಲಿಲ್ಲ. ಹಡಗುಗಳು ದಡದಿಂದ ದೂರ, ತೆರೆದ ಕಡಲಿನಲ್ಲಿಯೇ ಲಂಗರು ಹಾಕಬೇಕಾಗಿತ್ತು. ಅಲ್ಲಿಂದ ಜನರನ್ನೂ ಸರಕನ್ನೂ ಮಸೂಲ ದೋಣಿಗಳು ಅಬ್ಬರದ ಅಲೆಗಳನ್ನು ದಾಟಿಸಿ ದಡಕ್ಕೆ ತರುತ್ತಿದ್ದವು. ಈ ದೋಣಿಗಳ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯಲಾಗುತ್ತಿತ್ತು; ಆದ್ದರಿಂದ ಅಲೆಯ ಹೊಡೆತಕ್ಕೆ ಅವು ಬಾಗುತ್ತಿದ್ದವೇ ಹೊರತು ಒಡೆಯುತ್ತಿರಲಿಲ್ಲ. ಈ ತೀರವು ತಗ್ಗಾಗಿದ್ದು ಸಮತಟ್ಟಾಗಿದೆ. ರಾತ್ರಿಯ ವೇಳೆ ಹಡಗಿನವರಿಗೆ ಊರು ಎಲ್ಲಿದೆ, ದಡ ಎಷ್ಟು ದೂರವಿದೆ ಎಂದು ತಿಳಿಯುವುದು ಕಷ್ಟವಾಗಿತ್ತು. ದೀಪದ ಅಗತ್ಯ ಉಂಟಾದುದು ಇದರಿಂದಲೇ.

ಮೊದಲ ದೀಪ (1796–1844)

ಮೊದಲ ದೀಪಕ್ಕಾಗಿ ಪ್ರತ್ಯೇಕ ಸ್ತಂಭವನ್ನು ಕಟ್ಟಲಿಲ್ಲ. ಸೇಂಟ್ ಜಾರ್ಜ್ ಕೋಟೆಯೊಳಗಿನ ಎಕ್ಸ್‌ಚೇಂಜ್ ಕಟ್ಟಡದ ಮಾಳಿಗೆಯ ಮೇಲೆ ಕೊಬ್ಬರಿ ಎಣ್ಣೆಯ ದೀಪಗಳನ್ನು ಉರಿಸಲಾಯಿತು. ವ್ಯಾಪಾರಿಗಳು ಸೇರುತ್ತಿದ್ದ ಆ ಕಟ್ಟಡ ಈಗ ಕೋಟೆಯ ವಸ್ತುಸಂಗ್ರಹಾಲಯವಾಗಿದೆ.

ಎರಡನೆಯ ದೀಪ (1844–1894)

ಕೋಟೆಯ ಉತ್ತರದ ಬಯಲಿನಲ್ಲಿ ಸುಮಾರು 38 ಮೀಟರ್ ಎತ್ತರದ ಗ್ರಾನೈಟ್ ಕಂಬವನ್ನು ನಿಲ್ಲಿಸಲಾಯಿತು. ಗ್ರೀಕರ ಡೋರಿಕ್ ಶೈಲಿಯ ಈ ಕಂಬದ ವಿನ್ಯಾಸ ಕ್ಯಾಪ್ಟನ್ ಜೆ. ಟಿ. ಸ್ಮಿತ್ ಅವರದು. ಇದರಲ್ಲಿ ಆರ್ಗಂಡ್ ದೀಪಗಳನ್ನು ಬಳಸಲಾಯಿತು. ಈ ದೀಪದ ಬತ್ತಿಯು ಟೊಳ್ಳಾದ ಕೊಳವೆಯ ಆಕಾರದಲ್ಲಿರುತ್ತದೆ. ಗಾಳಿಯು ಒಳಗಿನಿಂದಲೂ ಹೊರಗಿನಿಂದಲೂ ತಾಗುವುದರಿಂದ ಜ್ವಾಲೆ ಪ್ರಖರವಾಗಿರುತ್ತದೆ, ಹೊಗೆ ಕಡಿಮೆಯಾಗುತ್ತದೆ. ಹಿಂಬದಿಯ ಪ್ರತಿಫಲಕಗಳು ಬೆಳಕನ್ನು ಚದುರಲು ಬಿಡದೆ ಕಡಲಿನತ್ತ ತಿರುಗಿಸುತ್ತಿದ್ದವು. ಕಂಬವು ಈಗ ಉಚ್ಚ ನ್ಯಾಯಾಲಯದ ಆವರಣದಲ್ಲಿದೆ.

ಮೂರನೆಯ ದೀಪ (1894–1977)

1892ರಲ್ಲಿ ಉಚ್ಚ ನ್ಯಾಯಾಲಯದ ಇಂಡೋ-ಸಾರ್ಸೆನಿಕ್ ಶೈಲಿಯ ಕಟ್ಟಡ ಪೂರ್ಣಗೊಂಡಾಗ ಅದರ ಗೋಪುರವು ಪಕ್ಕದ ಕಂಬಕ್ಕಿಂತ ಎತ್ತರವಾಗಿತ್ತು. 1894ರಲ್ಲಿ ದೀಪವನ್ನು ಸುಮಾರು 53 ಮೀಟರ್ ಎತ್ತರದ ಆ ಗೋಪುರಕ್ಕೆ ಏರಿಸಲಾಯಿತು. ಹಗಲು ನ್ಯಾಯದಾನ ನಡೆಯುವ ಕಟ್ಟಡವೇ ಎಂಟು ದಶಕಗಳಿಗೂ ಹೆಚ್ಚು ಕಾಲ ಇರುಳಿನಲ್ಲಿ ನಾವಿಕರಿಗೆ ದಾರಿ ತೋರಿತು.

ದೀಪದ ಬೆಳಕು ಮಿತ್ರನಿಗೂ ಶತ್ರುವಿಗೂ ಒಂದೇ ಎಂಬುದು 1914ರ ಸೆಪ್ಟೆಂಬರ್ 22ರ ರಾತ್ರಿ ತಿಳಿದುಬಂತು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದರೂ ನಗರದ ದೀಪಗಳನ್ನು ಆರಿಸಿರಲಿಲ್ಲ. ದೀಪಸ್ತಂಭವೂ ಎಂದಿನಂತೆ ಬೆಳಗುತ್ತಿತ್ತು. ಜರ್ಮನಿಯ ಯುದ್ಧನೌಕೆ ಎಮ್ಡೆನ್ ತೀರಕ್ಕೆ ಬಂದು ಸುಮಾರು ಅರ್ಧ ಗಂಟೆಯಲ್ಲಿ ನೂರಕ್ಕೂ ಹೆಚ್ಚು ಗುಂಡುಗಳನ್ನು ಹಾರಿಸಿತು. ಬರ್ಮಾ ಆಯಿಲ್ ಕಂಪನಿಯ ತೈಲದ ತೊಟ್ಟಿಗಳು ಹೊತ್ತಿ ಉರಿದವು. ಭಯಗೊಂಡ ಅನೇಕರು ಊರು ಬಿಟ್ಟರು. ಉಚ್ಚ ನ್ಯಾಯಾಲಯದ ಗೋಡೆಯಲ್ಲಿರುವ ಫಲಕವೊಂದು ಈ ದಾಳಿಯನ್ನು ನೆನಪಿಸುತ್ತದೆ. ಗಟ್ಟಿಗನೂ ಚತುರನೂ ಆದವನನ್ನು ತಮಿಳಿನ ಆಡುಮಾತಿನಲ್ಲಿ 'ಎಮ್ಡೆನ್' ಎನ್ನುವುದೂ ಈ ಘಟನೆಯ ನೆನಪೇ.

ನಾಲ್ಕನೆಯ ದೀಪ (1977ರಿಂದ)

ಈಗಿನ ದೀಪಸ್ತಂಭವು 1977ರ ಜನವರಿಯಲ್ಲಿ ಮರೀನಾ ತೀರದಲ್ಲಿ ಆರಂಭವಾಯಿತು. ತ್ರಿಕೋನಾಕಾರದ ಈ ಕಾಂಕ್ರೀಟ್ ಗೋಪುರದ ಎತ್ತರ ಸುಮಾರು 46 ಮೀಟರ್. ಮೇಲೇರಲು ಲಿಫ್ಟ್ ಇದೆ. ಗೋಪುರಕ್ಕೆ ಕೆಂಪು ಮತ್ತು ಬಿಳಿ ಪಟ್ಟೆಗಳನ್ನು ಬಳಿದಿರುವುದು ಅಲಂಕಾರಕ್ಕಾಗಿ ಮಾತ್ರವಲ್ಲ. ಹಗಲಿನಲ್ಲಿ ಬೆಳಕು ಕಾಣದಿರುವಾಗ ಈ ಪಟ್ಟೆಗಳಿಂದಲೇ ನಾವಿಕರು ಸ್ತಂಭವನ್ನು ಗುರುತಿಸುತ್ತಾರೆ. ಭದ್ರತೆಯ ಕಾರಣದಿಂದ ಹಲವು ವರ್ಷ ಮುಚ್ಚಿದ್ದ ಗೋಪುರವನ್ನು 2013ರಲ್ಲಿ ಸಾರ್ವಜನಿಕರಿಗೆ ಮತ್ತೆ ತೆರೆಯಲಾಯಿತು.

ಕಾರ್ಯವಿಧಾನ

ಭೂಮಿಯು ಗೋಳಾಕಾರವಾಗಿರುವುದರಿಂದ ದೂರದ ದೀಪವು ದಿಗಂತದ ಕೆಳಗೆ ಮರೆಯಾಗುತ್ತದೆ. ಬೆಳಕು ಎಷ್ಟೇ ಪ್ರಖರವಾಗಿದ್ದರೂ ಎತ್ತರವಿಲ್ಲದಿದ್ದರೆ ನೇರವಾಗಿ ದೂರಕ್ಕೆ ಕಾಣದು. ಸಮುದ್ರಮಟ್ಟದಿಂದ ದೀಪದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.6ರಿಂದ ಗುಣಿಸಿದರೆ ದಿಗಂತದ ದೂರವು ಸುಮಾರಾಗಿ ಕಿಲೋಮೀಟರಿನಲ್ಲಿ ದೊರೆಯುತ್ತದೆ. 36 ಮೀಟರ್ ಎತ್ತರಕ್ಕೆ ಇದು ಸುಮಾರು 22 ಕಿ.ಮೀ.; 53 ಮೀಟರಿಗೆ ಸುಮಾರು 26 ಕಿ.ಮೀ. ಹಡಗಿನ ಅಟ್ಟದ ಮೇಲೆ ನಿಂತವರಿಗೆ ಇದಕ್ಕಿಂತಲೂ ದೂರದಿಂದ ಕಾಣುತ್ತದೆ. ದೂರವನ್ನು ಇಮ್ಮಡಿಗೊಳಿಸಲು ಎತ್ತರವನ್ನು ನಾಲ್ಕು ಪಟ್ಟು ಮಾಡಬೇಕಾಗುತ್ತದೆ.

ಕಂಡ ದೀಪ ಯಾವ ಊರಿನದು ಎಂಬುದೂ ತಿಳಿಯಬೇಕು. ಅದಕ್ಕಾಗಿ ಪ್ರತಿಯೊಂದು ದೀಪಸ್ತಂಭಕ್ಕೂ ಮಿನುಗುವ ಕ್ರಮವೊಂದನ್ನು ಗೊತ್ತುಮಾಡಲಾಗುತ್ತದೆ. ನಾವಿಕನು ಮಿನುಗುಗಳನ್ನೂ ಅವುಗಳ ನಡುವಿನ ಕಾಲವನ್ನೂ ಎಣಿಸಿ, ನಕಾಶೆಯೊಡನೆ ಹೋಲಿಸಿ ತಾನಿರುವ ಸ್ಥಳವನ್ನು ಅರಿಯುತ್ತಾನೆ.

ಹೆಸರು ಮತ್ತು ಸ್ಥಳೀಯ ಗುರುತು

ತಮಿಳಿನಲ್ಲಿ ದೀಪಸ್ತಂಭವನ್ನು 'ಕಲಂಗರೈ ವಿಳಕ್ಕಂ' ಎನ್ನುತ್ತಾರೆ. 'ಕಲಂ' ಎಂದರೆ ಹಡಗು, 'ಕರೈ' ಎಂದರೆ ಕರೆ. ಹಡಗುಗಳನ್ನು ಕರೆಯುವ ದೀಪ ಎಂಬುದು ಪದದ ಅರ್ಥ. ಕನ್ನಡದ 'ಕರೆ' ಎಂಬ ಕ್ರಿಯಾಪದವೂ ಇದೇ ದ್ರಾವಿಡ ಮೂಲದ್ದು. ಮರೀನಾದ ಸ್ತಂಭದ ಬಳಿಯ ರೈಲು ನಿಲ್ದಾಣಕ್ಕೂ ಇದೇ ಹೆಸರಿದೆ. ಉಪಗ್ರಹದ ನೆರವಿನಿಂದ ಹಡಗುಗಳು ದಾರಿ ಕಾಣುವ ಈ ಕಾಲದಲ್ಲಿಯೂ ಯಂತ್ರ ಕೆಟ್ಟಾಗ ಕಣ್ಣಿಗೆ ಕಾಣುವ ದೀಪವೇ ನಾವಿಕನಿಗೆ ಆಸರೆ. ಆರಿಹೋದ ಮೂರು ದೀಪಗಳ ನೆಲೆಗಳಾದರೋ, ಬಂದರಿಲ್ಲದ ತೀರವೊಂದು ಬಂದರಾಗಿ ಬೆಳೆದ ಕಥೆಗೆ ಸಾಕ್ಷಿಯಾಗಿ ನಿಂತಿವೆ.